ಮುಳ್ಳು ನಿಲ್ಲದ ನೆಲ

ತಕ್ಕಡಿ ಕೋಣೆ,
ಬುಧವಾರ, ಹನ್ನೊಂದನೇ ತಾರೀಖು, ಬೆಳಿಗ್ಗೆ

ಪ್ರೀತಿಯ ತಮ್ಮಾ,

ಬೆನ್ನು ನೋವು ಹೇಗಿದೆ? ಹೋದ ಕಾಗದದಲ್ಲಿ "ಪರವಾಗಿಲ್ಲ" ಎಂದು ಒಂದೇ ಮಾತು ಬರೆದು ಮುಗಿಸಿದ್ದೀಯ. ನಿನ್ನ ಪರವಾಗಿಲ್ಲ ಎಷ್ಟರದ್ದು ಎಂದು ನನಗೆ ಗೊತ್ತಿಲ್ಲವೇ? ಏಳು ವರ್ಷದವನಿದ್ದಾಗ ಗೋಡೆಯಿಂದ ಬಿದ್ದು ಕೈ ಮುರಿದುಕೊಂಡು ಬಂದು, ಪರವಾಗಿಲ್ಲ ಎನ್ನುತ್ತ ಆ ಕೈಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಎಡಗೈಯಲ್ಲಿ ಉಂಡವನು ನೀನು. ಅಲ್ಲಿ ನದಿಯ ಗಾಳಿ ಜೋರಂತೆ. ಸೇತುವೆಯ ಕಂಬದ ಗುಂಡಿಯಲ್ಲಿ ಇಡೀ ದಿನ ಒದ್ದೆ ಕಾಲಿನಲ್ಲಿ ನಿಲ್ಲಬೇಡ. ಮೇಸ್ತ್ರಿಯಾದವನು ಮೇಲೆ ನಿಂತು ಕೆಲಸ ಹೇಳಬೇಕು, ತಾನೇ ಕೆಳಗಿಳಿಯಬಾರದು ಎಂದು ಎಷ್ಟು ಸಲ ಬರೆದರೂ ನೀನು ಕೇಳುವವನಲ್ಲ. ನಾನು ಚೆನ್ನಾಗಿದ್ದೇನೆ. ನಿನ್ನ ಭಾವನೂ ಚೆನ್ನಾಗಿದ್ದಾರೆ. ಕಿವಿ ಮಾತ್ರ ಇನ್ನಷ್ಟು ಮಂದವಾಗಿದೆ, ಅದರಲ್ಲೂ ನಾನು ಬೈಯುವಾಗ ಪೂರ್ತಿ ಮಂದ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಅದೂ ಕೇಳಿಸುವುದಿಲ್ಲ. ಬೇಕೆಂದೇ ಮಾಡುತ್ತಾರೋ ಏನೋ ಎಂದು ನನಗೆ ಅನುಮಾನ.

ಅನುಮಾನ ಎಂದೆನಲ್ಲ, ನಗಬೇಡ. "ಅಕ್ಕ ಕನ್ನಡೀನೂ ಎರಡು ಸಲ ನೋಡ್ತಾಳೆ, ಮೊದಲ್ನೇ ಸಲ ಸುಳ್ಳು ಹೇಳಿರಬಹುದು ಅಂತ" ಎಂದು ನೀನು ಮನೆಗೆ ಬಂದವರೆದುರು ಆಡಿಕೊಳ್ಳುತ್ತಿದ್ದದ್ದನ್ನು ನಾನು ಮರೆತಿಲ್ಲ. ತಕ್ಕಡಿ ಕೆಲಸದವಳು ಎಲ್ಲರನ್ನೂ ನಂಬಿ ಕುಳಿತರೆ ಆಗುತ್ತದೆಯೇ? ಔಷಧಿ ಅಂಗಡಿಯವರು, ಚಿನ್ನದ ಕೆಲಸದವರು ತಮ್ಮ ತಕ್ಕಡಿ ತಂದು ನನ್ನ ಮುಂದಿಟ್ಟು, "ಸರಿಯಾಗೇ ಇದೆ, ಒಂದು ಮುದ್ರೆ ಒತ್ತಿಬಿಡಿ" ಎನ್ನುತ್ತಾರೆ. ಅದನ್ನೇ ನಂಬಿ ಒತ್ತುತ್ತ ಹೋಗಿದ್ದರೆ ಯಾವ ಮಗುವಿನ ಬಾಯಿಗೆ ಎಷ್ಟು ಔಷಧಿ ಬೀಳುತ್ತಿತ್ತೋ ದೇವರಿಗೇ ಗೊತ್ತು. ಅಪ್ಪ ಈ ಮುದ್ರೆಯನ್ನು ನನ್ನ ಕೈಗೆ ಕೊಟ್ಟದ್ದೇ ನಾನು ಯಾರ ಮಾತಿಗೂ ಮರುಳಾಗುವುದಿಲ್ಲ ಎಂದು. ನಿನಗೆ ಕೊಡಲಿಲ್ಲ, ಏಕೆಂದರೆ ನೀನು ಯಾರು ಏನು ಹೇಳಿದರೂ ತಲೆಯಾಡಿಸುವವನು. ಅದಕ್ಕೇ ನೀನು ಕಾಂಕ್ರೀಟಿನ ಕಡೆಗೆ ಹೋದೆ, ನಾನು ತಕ್ಕಡಿಯ ಮುಂದೆ ಉಳಿದೆ.

ಈಗ ಆ ಮುದ್ರೆಗೇ ಸಂಚಕಾರ ಬಂದಿದೆ. ಹೋದ ತಿಂಗಳು ತೂಕ ಮತ್ತು ಅಳತೆ ಕಚೇರಿಯ ತನಿಖೆಯವರು ಬಂದಿದ್ದರು. ನಮ್ಮ ದೊಡ್ಡ ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ, ತಟ್ಟೆಗಳನ್ನು ಬಿಟ್ಟು, ಕೈಗಡಿಯಾರ ಹಿಡಿದು ಕುಳಿತರು. ಅರ್ಧ ನಿಮಿಷದೊಳಗೆ ಮುಳ್ಳು ನಡುಗೆರೆಯ ಮೇಲೆ ನಿಲ್ಲಬೇಕು, ನಿಂತದ್ದು ಅಲುಗಬಾರದು. ನಿಲ್ಲಲಿಲ್ಲ ತಮ್ಮಾ. ಐದು ನಿಮಿಷ ಕಾದರೂ ಜ್ವರ ಬಂದವರ ಹಾಗೆ ನಡುಗುತ್ತಲೇ ಇತ್ತು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಏನಮ್ಮಾ ಇದು, ನಿಮ್ಮಲ್ಲೇ ಹೀಗಾದ್ರೆ?" ಎಂದರು. ಮೂವತ್ತು ವರ್ಷದಲ್ಲಿ ನನ್ನ ಕೋಣೆಯಲ್ಲಿ ನಿಂತು ಯಾರೂ ಅಂಥ ಮಾತು ಆಡಿರಲಿಲ್ಲ. ನಾಚಿಕೆಯಿಂದ ಸತ್ತೇ ಹೋದೆ. ಇಪ್ಪತ್ತನೇ ತಾರೀಖಿಗೆ ಮತ್ತೆ ಬರುತ್ತಾರೆ. ಆಗಲೂ ನಿಲ್ಲದಿದ್ದರೆ ಮುದ್ರೆ ವಾಪಸು ಕೊಡಬೇಕು.

ಯಾರದ್ದು ಈ ಕೆಲಸ ಎಂದು ನನಗೆ ಅವತ್ತೇ ಹೊಳೆಯಿತು. ನೀನು ಹೋದ ಮೇಲೆ ಪಕ್ಕದ ಹಳೇ ಗೋದಾಮನ್ನು ಒಬ್ಬ ಹಿಡಿದಿದ್ದಾನೆ ಎಂದು ಬರೆದಿದ್ದೆನಲ್ಲ, ಸೀಸೆಯ ಮುಚ್ಚಳ ಮಾಡುವವನು. ಬೀದಿಯಲ್ಲೆಲ್ಲ ಅವನಿಗೆ ಮುಚ್ಚಳದವ ಎಂದೇ ಹೆಸರು. ತಗಡನ್ನು ಮುಚ್ಚಳದ ಆಕಾರಕ್ಕೆ ಒತ್ತಿ ಕತ್ತರಿಸುವ ಆನೆಯಂಥ ಪ್ರೆಸ್ ಒಂದನ್ನು ತಂದು ನಮ್ಮ ಗೋಡೆಯಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ಕೂರಿಸಿದ್ದಾನೆ. ನಾನೇ ಅಳೆದು ನೋಡಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಶುರು. ಎರಡು ಸೆಕೆಂಡಿಗೊಂದು ಧಡ್. ಚಹಾದ ಲೋಟದಲ್ಲಿ ಉಂಗುರ ಏಳುತ್ತದೆ, ಚಿಮಟ ಮೇಜಿನ ಮೇಲೆ ತಾನೇ ತಾನಾಗಿ ಜರುಗುತ್ತದೆ. ನಾನು ಹೋಗಿ ಕೇಳಿದರೆ ಕೈಮುಗಿದು, "ನಾನೇನು ಮಾಡ್ಲಿ ಹೇಳಿ ಅಕ್ಕಾ, ಮೆತ್ತಗೆ ಹೊಡಿ ಅಂದ್ರೆ ಅದು ಹೊಡಿಯತ್ತಾ?" ಎಂದು ನಕ್ಕ. ತಪ್ಪಿಲ್ಲದವನು ಯಾಕೆ ನಗುತ್ತಾನೆ? ಒಂದು ವಾರ ಬಿಟ್ಟು ಯಂತ್ರದ ಕಾಲಿಗೆಲ್ಲ ದಪ್ಪ ರಬ್ಬರು ಹಾಕಿಸಿದ. ತಪ್ಪಿಲ್ಲದವನು ಯಾಕೆ ರಬ್ಬರು ಹಾಕಿಸುತ್ತಾನೆ? ಅಷ್ಟೇ ಅಲ್ಲ, ಉಳಿದ ರಬ್ಬರಿನ ಒಂದು ತುಂಡನ್ನು ನನಗೇ ತಂದುಕೊಟ್ಟು, ಮೇಜಿನ ಕೆಳಗೆ ಹಾಕಿಕೊಳ್ಳಿ ಎಂದ. ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದೆ. ಅಂದಿನಿಂದ ಒಂದು ಪುಸ್ತಕ ಇಟ್ಟುಕೊಂಡು ಯಾವ ಗಂಟೆಗೆ ಎಷ್ಟು ಧಡ್, ಮುಳ್ಳು ಎಷ್ಟು ಗೆರೆ ಅಲುಗಿತು ಎಂದು ಬರೆದಿಟ್ಟಿದ್ದೇನೆ. ಮಳೆ ಬಂದ ವಾರಗಳಲ್ಲಿ ನಡುಕ ಜಾಸ್ತಿ. ಮಳೆ ಸದ್ದಿನಲ್ಲಿ ಯಾರಿಗೂ ತಿಳಿಯದೆಂದು ಅವನು ಆಗ ಜೋರಾಗಿ ಹೊಡೆಸುತ್ತಾನೆ ಎಂದು ನಾನು ಹೇಳಿದರೆ ನಿನ್ನ ಭಾವ ಹಣೆ ಹಣೆ ಚಚ್ಚಿಕೊಳ್ಳುತ್ತಾರೆ.

ಇಲ್ಲಿಯವರೆಗೆ ಓದಿ, ಪಾಪ ಮುಚ್ಚಳದವ ಎಂದುಕೊಳ್ಳುತ್ತಿದ್ದೀಯ, ಅಲ್ಲವೇ? ತಡಿ. ಕಚೇರಿಯವರು ನನಗೊಂದು ಅರ್ಜಿ ಹಾಳೆ ಕೊಟ್ಟಿದ್ದಾರೆ. ಮುಳ್ಳು ನಿಲ್ಲದಿರಲು ಕಾರಣವೇನೆಂದು ತಕ್ಕಡಿಯ ಯಜಮಾನರೇ ಬರೆದುಕೊಡಬೇಕು. ಎರಡು ಚೌಕ ಇವೆ. ಒಂದು, ಹೊರಗಿನ ಯಂತ್ರದ ಕಂಪನ. ಇನ್ನೊಂದು, ನೆಲದ ದೋಷ. ಮೊದಲನೆಯದಕ್ಕೆ ಗೆರೆ ಹಾಕಿದರೆ ಪ್ರೆಸ್ ನಿಲ್ಲಿಸಲು ಮುಚ್ಚಳದವನಿಗೆ ನೋಟೀಸು ಹೋಗುತ್ತದೆ. ಅಲ್ಲಿ ಒಂಬತ್ತು ಜನ ದುಡಿಯುತ್ತಾರೆ. ಎರಡನೆಯದಕ್ಕೆ ಹಾಕಿದರೆ ನೆಲ ಹಾಸಿದವರ ಹೆಸರು, ಪರವಾನಗಿ ನಂಬರು ಬರೆಯಬೇಕು, ವಿಚಾರಣೆ ಮುಗಿಯುವ ತನಕ ಆ ಪರವಾನಗಿ ತಡೆಹಿಡಿಯುತ್ತಾರೆ. ಅಂದರೆ ನಿನ್ನದು. ಪರವಾನಗಿ ಇಲ್ಲದ ಮೇಸ್ತ್ರಿಯನ್ನು ಸೇತುವೆಯ ಕೆಲಸದಲ್ಲಿ ಒಂದು ಗಳಿಗೆ ಇಟ್ಟುಕೊಳ್ಳುವುದಿಲ್ಲ ಎಂದು ನನಗೂ ಗೊತ್ತು. ಹಾಳೆ ಇನ್ನೂ ಖಾಲಿಯೇ ಇದೆ. ಈ ಕಾಗದದ ಪಕ್ಕದಲ್ಲೇ ಮೇಜಿನ ಮೇಲೆ ಬಿದ್ದಿದೆ.

ಅದನ್ನು ನೋಡಿದಾಗಿನಿಂದ ತಲೆಯಲ್ಲಿ ಹುಳ ಬಿಟ್ಟಂತಾಗಿದೆ. ಮುಚ್ಚಳದವನ ಯಂತ್ರ ನಮ್ಮ ಬೀದಿಗೆಲ್ಲ ಕೇಳಿಸುತ್ತದೆ ಸರಿ, ಆದರೆ ಎದುರು ಮನೆಯ ಗಡಿಯಾರದವನ ಕೆಲಸಕ್ಕೆ ಏನೂ ತೊಂದರೆಯಿಲ್ಲವಂತೆ. ಅವನದ್ದು ಹಳೇ ಕಲ್ಲಿನ ನೆಲ. ನಮ್ಮದು ನೀನು ಮೂರು ವರ್ಷದ ಹಿಂದೆ ಹಾಸಿದ ಕಾಂಕ್ರೀಟು. ಹನ್ನೆರಡು ದಿನ ಬೇಕು ಎಂದವನು ಒಂಬತ್ತೇ ದಿನಕ್ಕೆ ಮುಗಿಸಿದೆ. ಹಳೇ ನೆಲ ಕಿತ್ತು ಹೊಸ ಮಣ್ಣು ತುಂಬುವ ಹೊತ್ತಿಗೆ, "ಧೂಳು ಅಕ್ಕಾ, ನಿನಗೆ ಕೆಮ್ಮು ಬರತ್ತೆ, ನಾದಿನಿ ಮನೇಲಿ ನಾಲ್ಕು ದಿನ ಇದ್ದು ಬಾ" ಎಂದು ನನ್ನನ್ನು ಉಪಾಯವಾಗಿ ಸಾಗಹಾಕಿದೆ. ನಾನು ಬಂದು ನೋಡುವಷ್ಟರಲ್ಲಿ ಮೇಲೆ ಕಾಂಕ್ರೀಟು ಬಿದ್ದಾಗಿತ್ತು. ಕೆಳಗೆ ಮಣ್ಣು ಇತ್ತೋ, ಗಾಳಿ ಇತ್ತೋ ಯಾರು ಕಂಡವರು? ನೆಲಕ್ಕೆ ನೀರು ಕುಡಿಸುವ ವಾರ ಮುಗಿಯುವ ಮೊದಲೇ ಸೇತುವೆ ಕೆಲಸ ಕರೆಯಿತೆಂದು ಹೊರಟುಬಿಟ್ಟೆ. ಹೊರಡುವಾಗ ನನ್ನ ಮುಖ ನೋಡಲಿಲ್ಲ. ಅವತ್ತು ತಮ್ಮನಿಗೆ ಬೇಜಾರಾಗಿದೆ ಎಂದುಕೊಂಡು ನಾನು ಅತ್ತೆ. ಈಗ ಅದೇ ನೆನಪಾದರೆ ಬೇರೆ ಏನೇನೋ ತೋಚುತ್ತದೆ.

ಭಾನುವಾರ ಪ್ರೆಸ್ ರಜೆಯಲ್ಲಿದ್ದಾಗ ಪೊರಕೆಯ ಹಿಡಿಯಿಂದ ಇಡೀ ನೆಲವನ್ನು ಗೇಣು ಗೇಣಿಗೆ ತಟ್ಟಿ ನೋಡಿದೆ. ಗಟ್ಟಿ ಸದ್ದು ಬಂದ ಕಡೆ ಬಿಟ್ಟು, ಪೊಳ್ಳು ಅನ್ನಿಸಿದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿದೆ. ಹದಿನಾಲ್ಕು ಸುತ್ತಾಯಿತು. ಇನ್ನೊಬ್ಬರ ಕಿವಿಯೂ ಇರಲಿ ಎಂದು ನಿನ್ನ ಭಾವನನ್ನು ನೆಲದ ಮೇಲೆ ಮಲಗಿಸಿ ಕಿವಿ ಒತ್ತಿಸಿ ಕೇಳಿಸಿದೆ. ಅವರು ಐದು ನಿಮಿಷ ಕಣ್ಣು ಮುಚ್ಚಿ ಮಲಗಿದ್ದು, "ತಂಪಾಗಿದೆ" ಎಂದರು. ಇವರನ್ನು ಕಟ್ಟಿಕೊಂಡು ನಾನು ಏನು ತನಿಖೆ ಮಾಡಲಿ?

ಆದ್ದರಿಂದ ನೇರವಾಗಿ ಕೇಳುತ್ತೇನೆ, ನೀನೂ ನೇರವಾಗಿ ಹೇಳು. ಮಣ್ಣನ್ನು ಕುಟ್ಟಿದೆಯೋ ಇಲ್ಲವೋ? ಆರಂಗುಲ ಮಣ್ಣು, ಮೇಲೆ ನೀರು, ಆಮೇಲೆ ಕುಟ್ಟು, ಮತ್ತೆ ಆರಂಗುಲ ಎಂದು ನೀನೇ ಎಲ್ಲರಿಗೂ ಪಾಠ ಹೇಳುತ್ತೀಯ. ನಮ್ಮ ಮನೆಯದ್ದೇ ತಾನೇ, ಅಕ್ಕನದ್ದೇ ತಾನೇ ಎಂದು ಒಂದೇ ಸಲಕ್ಕೆ ಸುರಿದು ಮುಚ್ಚಿಬಿಟ್ಟೆಯಾ? ಹೌದಾದರೆ ಹೌದು ಎನ್ನು. ನಾನು ನಿನ್ನನ್ನು ಎತ್ತಿ ಆಡಿಸಿದವಳು, ನುಂಗಿಬಿಡುವುದಿಲ್ಲ. ಆದರೆ ಪರವಾಗಿಲ್ಲ ಎಂದು ಮಾತ್ರ ಬರೆಯಬೇಡ.

ನಾಳೆ ಕಚೇರಿಯಿಂದ ಯಾರೋ ಕಂಪನ ಅಳೆಯುವವರು ಬರುತ್ತಾರಂತೆ. ಅವರು ಬಂದು ಹೋದ ಮೇಲೆ ಉಳಿದದ್ದು ಬರೆಯುತ್ತೇನೆ.

ಗುರುವಾರ, ಸಂಜೆ

ತಮ್ಮಾ, ಬೆಳಗ್ಗೆಯಿಂದ ಆದದ್ದನ್ನು ಯಾವ ಕಡೆಯಿಂದ ಶುರು ಮಾಡಲಿ ಎಂದೇ ತಿಳಿಯುತ್ತಿಲ್ಲ. ಕ್ರಮವಾಗಿಯೇ ಹೇಳುತ್ತೇನೆ.

ಅಳೆಯಲು ಬಂದವಳು ಒಬ್ಬ ಹೆಂಗಸು, ಮೂವತ್ತೈದರ ಆಸುಪಾಸು, ದೊಡ್ಡ ಚೀಲ, ಮಣ್ಣು ಮೆತ್ತಿದ ಬೂಟು. ಮುಚ್ಚಳದವನ ಅಂಗಳದಿಂದ ಬಂದಳು. ಅಲ್ಲಿ ಅವನು ಚಹಾ ಕುಡಿಸಿ ಕಿವಿಯೂದಿ ಕಳಿಸಿರುತ್ತಾನೆ ಎಂದು ನನಗೆ ಅನ್ನಿಸಿತು. ಕೇಳಿಯೇ ಬಿಟ್ಟೆ. ಅವಳಿಗೆ ಕೋಪವೇ ಬರಲಿಲ್ಲ. "ಅಮ್ಮಾ, ನಾನು ಚಹಾ ಕುಡಿಯಲ್ಲ, ನೀರು ಕುಡಿದೆ" ಎಂದು ಚೀಲ ಬಿಚ್ಚಿದಳು. ಲೋಟದ ಗಾತ್ರದ ನಾಲ್ಕು ಡಬ್ಬಿಗಳು, ಪ್ರತಿಯೊಂದಕ್ಕೂ ಉದ್ದದ ತಂತಿ. ಒಂದಕ್ಕೆ ಮೊಳೆಯಿತ್ತು, ಅದನ್ನು ಹಿತ್ತಿಲ ಮಣ್ಣಿಗೆ ಚುಚ್ಚಿದಳು. ಒಂದನ್ನು ಕೋಣೆಯ ನಟ್ಟನಡುವೆ, ಒಂದನ್ನು ಮೂಲೆಯಲ್ಲಿ, ಕೊನೆಯದನ್ನು ತಕ್ಕಡಿಯ ಮೇಜಿನ ಮೇಲೆ ಇಟ್ಟಳು. ಆಮೇಲೆ ಕಿಟಕಿಯಿಂದ ಕೈ ಬೀಸಿದಳು, ಮುಚ್ಚಳದವ ಪ್ರೆಸ್ ಶುರು ಮಾಡಿದ. ನಾನು ಹಿತ್ತಿಲ ಗೋಡೆಯ ಹತ್ತಿರ ನಿಂತು ಅವನ ಮೇಲೆಯೇ ಕಣ್ಣಿಟ್ಟಿದ್ದೆ, ಇವತ್ತು ಮೆತ್ತಗೆ ಹೊಡೆಸಿಬಿಟ್ಟಾನು ಎಂದು. ಇಲ್ಲ, ಅದೇ ಧಡ್, ಅದೇ ಎರಡು ಸೆಕೆಂಡು.

ಒಳಗೆ ಬಂದು ನೋಡಿದರೆ, ತಂತಿಗಳೆಲ್ಲ ಸೇರಿದ ಅವಳ ಪೆಟ್ಟಿಗೆಯ ಪರದೆಯ ಮೇಲೆ ನಾಲ್ಕು ಗೆರೆಗಳು ಕುಣಿಯುತ್ತಿದ್ದವು, ಡಬ್ಬಿಗೊಂದರಂತೆ. ನನಗೆ ಸುಮ್ಮನಿರಲಾಗಲಿಲ್ಲ, ನನ್ನ ಹದಿನಾಲ್ಕು ಸುತ್ತುಗಳನ್ನು ತೋರಿಸಿ, ನೆಲ ಪೊಳ್ಳು, ಬರೆದುಕೊಳ್ಳಿ ಎಂದೆ. ಅವಳು ಆ ಸುತ್ತುಗಳೊಳಗೆ ಒಂದೊಂದರಲ್ಲೂ ಡಬ್ಬಿ ಇಟ್ಟು, ಪಕ್ಕದಲ್ಲಿ ತಾನೇ ಹಿಮ್ಮಡಿ ಎತ್ತಿ ಕುಕ್ಕಿ ನೋಡಿದಳು. ಹದಿನಾಲ್ಕು ಸಲ! ಬೂಟಿನ ಮಣ್ಣೆಲ್ಲ ನನ್ನ ನೆಲದ ಮೇಲೆ. ಕೊನೆಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು. ಅಡಿಯಲ್ಲಿ ಟೊಳ್ಳಿದ್ದರೆ ಕಾಂಕ್ರೀಟು ತಮಟೆಯ ಹಾಗೆ, ಹೊಡೆದ ಮೇಲೂ ಗುಂಯ್ ಎನ್ನುತ್ತ ಇರುತ್ತದಂತೆ, ಗೆರೆ ಬೇಗ ಅಡಗುವುದಿಲ್ಲವಂತೆ. ಇಲ್ಲಿ ಎರಡು ಸಲ ಏರಿಳಿದು ಸುಮ್ಮನಾಗುತ್ತದೆ. ಅಂದರೆ ಕಾಂಕ್ರೀಟಿನ ಹಾಸು ಪೂರ್ತಿ ಮಣ್ಣಿಗೆ ಅಂಟಿ ಕುಳಿತಿದೆ, ನಡುಕವನ್ನು ಮಣ್ಣು ಕೆಳಗೆ ಎಳೆದುಕೊಂಡುಬಿಡುತ್ತದೆ. "ಪ್ರೆಸ್ ಹೊಡೆತ ಮಣ್ಣೊಳಗೆ ಅಲೆ ಆಗಿ ಬರತ್ತೆ. ಅಲೆ ಉದ್ದ ಇದ್ರೆ ಹಾಸು ಮಣ್ಣಿನ ಜೊತೆಗೇ ಏರಿ ಇಳಿಯತ್ತೆ, ಅದನ್ನ ಯಾರೂ ತಡೆಯಕ್ಕಾಗಲ್ಲ. ಗಿಡ್ಡ ಅಲೇನ ಮಾತ್ರ ಈ ಹಾಸು ಮೇಲಿಂದ ತುಳಿದು ಹಿಡಿದಿದೆ. ಹೊರಗಿನ ಮಣ್ಣಿಗಿಂತ ಒಳಗಿನ ನೆಲ ಕಮ್ಮಿ ನಡುಗ್ತಾ ಇದೆ ನೋಡಿ." ಮೂಲೆಯಲ್ಲಿ ಸ್ವಲ್ಪ ಜಾಸ್ತಿ, ಮೂಲೆಗೆ ಸುತ್ತ ಆಸರೆ ಇಲ್ಲವಲ್ಲ, ಅದು ಎಲ್ಲ ಕಡೆಯೂ ಹಾಗೆಯೇ ಎಂದಳು. ಮಳೆಯ ಲೆಕ್ಕವನ್ನೂ ಕೇಳಿದೆ. ಒದ್ದೆ ಮಣ್ಣು ಮೆತ್ತಗಾಗುತ್ತದೆ, ಮೆತ್ತನೆ ಹಾಸಿಗೆಯ ಮೇಲೆ ಹಲಗೆ ಇಟ್ಟರೆ ಅದು ಹೆಚ್ಚು ಅಲುಗುತ್ತದೆ, ಅಷ್ಟೇ, ಯಾರೂ ಜೋರಾಗಿ ಹೊಡೆಸಬೇಕಾಗಿಲ್ಲವಂತೆ. ಆಮೇಲೆ ನನ್ನ ಮುಖ ನೋಡಿ, "ಇದನ್ನ ಹಾಸಿದವರು ಯಾರಮ್ಮಾ? ಇಷ್ಟು ಚೆನ್ನಾಗಿ ಮಣ್ಣು ಕುಟ್ಟೋರನ್ನ ನಾನು ನೋಡಿ ಸುಮಾರು ದಿನ ಆಯ್ತು" ಎಂದಳು.

ನನ್ನ ತಮ್ಮ ಎಂದೆ. ಆ ಹೊತ್ತಿಗೆ ಸರಿಯಾಗಿ ನಿನ್ನ ಭಾವ, ಇಷ್ಟು ಹೊತ್ತೂ ಏನೂ ಕೇಳಿಸದವರ ಹಾಗೆ ಬಾಗಿಲಲ್ಲಿ ನಿಂತಿದ್ದವರು, "ಮೂರು ದಿನ ಒಬ್ಬನೇ ಕುಟ್ಟಿದ. ಅಂಗೈ ಎಲ್ಲ ಬೊಬ್ಬೆ ಬಂದಿತ್ತು. ಬೆನ್ನು ಹಿಡ್ಕೊಂಡಿದ್ದು ಆವಾಗ್ಲೇ" ಎಂದರು. ಇದನ್ನು ಮೂರು ವರ್ಷ ಯಾಕೆ ಹೇಳಲಿಲ್ಲ ಎಂದು ನಾನು ಕಿರುಚಿದೆ. "ನೀನು ಕೇಳಲಿಲ್ಲವಲ್ಲ" ಎಂದರು. ನೀನು ಹೊರಡುವಾಗ ಮುಖ ತಿರುಗಿಸಿಕೊಂಡದ್ದು, ಬಗ್ಗಿ ಪೆಟ್ಟಿಗೆ ಎತ್ತಲಾರದೆ ಹಲ್ಲು ಕಚ್ಚಿಕೊಂಡದ್ದು ನನಗೆ ಕಾಣಬಾರದು ಎಂದೇ ಅಂತೆ. ಭಾವನಿಗೆ ಆಣೆ ಹಾಕಿ ಬಾಯಿ ಮುಚ್ಚಿಸಿದ್ದೆಯಂತೆ. ಯಾಕೋ ನಿನಗೆ ಈ ದೊಡ್ಡಸ್ತಿಕೆ? ಒಂದು ಮಾತು ಹೇಳಿದ್ದರೆ ಬಿಸಿನೀರಿನ ಶಾಖವಾದರೂ ಕೊಡುತ್ತಿರಲಿಲ್ಲವೇ ನಾನು?

ಹಾಗಾದರೆ ಮುಳ್ಳು ಯಾಕೆ ನಡುಗುತ್ತದೆ ಎಂದು ಕೇಳಿದೆ. ಮತ್ತೆ ಮುಚ್ಚಳದವನ ಕಡೆಗೇ ತಿರುಗಲು ನಾನು ಸಿದ್ಧವಾಗಿದ್ದೆ. ಅವಳು ನಾಲ್ಕನೇ ಗೆರೆ ತೋರಿಸಿದಳು, ಮೇಜಿನದ್ದು. ನೆಲ ಎಷ್ಟು ನಡುಗಿತೋ ಮೇಜೂ ಅಷ್ಟೇ ನಡುಗಿತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. "ಇದು ಹೀಗಿರಬಾರ್ದು. ಈ ಮೇಜು ನೆಲದ ಮೇಲೆ ನಿಂತಿಲ್ಲ, ಆರಡಿ ಆಳದ ಕಂಬದ ಮೇಲೆ ನಿಂತಿದೆ ಅಂತ ನಿಮ್ಮ ಕಡತದಲ್ಲಿದೆ. ಕಂಬಕ್ಕೂ ಹಾಸಿಗೂ ನಡುವೆ ಬೆರಳಗಲ ಸಂದು ಇದೆ ಅಂತಾನೂ ಬರೆದಿದೆ. ಎಲ್ಲಿ ಅದು?" ಎಂದಳು.

ತಮ್ಮಾ, ಮೇಜಿನ ಕೆಳಗಿನ ಚಾಪೆಯನ್ನು ಎತ್ತಿದೆ. ಸಂದು ಇರಲಿಲ್ಲ. ಇರುವುದಾದರೂ ಹೇಗೆ? ನೀನು ಹೋಗಿ ಆರು ತಿಂಗಳಿಗೆ ನಾನೇ ಅದನ್ನು ಗಾರೆ ಕಲಸಿ ತುಂಬಿ, ಚಮಚದ ಹಿಂಬದಿಯಿಂದ ನುಣ್ಣಗೆ ಮಾಡಿದ್ದೆ. ಆ ಹಾಳು ಸಂದಿನೊಳಗೆ ನನ್ನ ಮಿಲಿಗ್ರಾಂ ತೂಕದ ಬಿಲ್ಲೆಗಳು ಬೀಳುತ್ತಿದ್ದವು. ಉಗುರಿಗಿಂತ ತೆಳ್ಳಗಿನವು, ಚಿಮಟದಿಂದ ಜಾರಿದರೆ ನೆಟ್ಟಗೆ ಅಲ್ಲಿಗೇ. ಬಾಗಿ ಬಾಗಿ ಸೂಜಿ ಹಾಕಿ ಕೆದಕಿ ನನ್ನ ಸೊಂಟ ಬಿದ್ದುಹೋಗಿತ್ತು. ಅಪ್ಪ ಹಾಕಿಸಿದ ಕಂಬವನ್ನು ಹಾಗೇ ಉಳಿಸಿಕೊಂಡು ಸುತ್ತ ಕಾಂಕ್ರೀಟು ಹಾಕುವಾಗ ನೀನು ಇಷ್ಟು ದೊಡ್ಡ ಸಂದು ಬಿಟ್ಟದ್ದು ಸೋಮಾರಿತನ, ಅಚ್ಚಿನ ಹಲಗೆ ಕಿತ್ತ ಮೇಲೆ ತುಂಬುವುದನ್ನು ಮರೆತೆ ಎಂದೇ ನಾನು ತಿಳಿದಿದ್ದೆ. ತಮ್ಮ ಅರ್ಧ ಮಾಡಿ ಹೋದ ಕೆಲಸವನ್ನು ನಾನು ಪೂರ್ತಿ ಮಾಡಿದೆ ಎಂದು ಹೆಮ್ಮೆ ಬೇರೆ. ಆಗ ಪಕ್ಕದಲ್ಲಿ ಪ್ರೆಸ್ ಇರಲಿಲ್ಲ, ಆದ್ದರಿಂದ ಮುಳ್ಳಿಗೆ ಏನೂ ಆಗಲಿಲ್ಲ, ನಾನೂ ಮರೆತೆ. ಈಗ ಪ್ರೆಸ್ ಹೊಡೆದರೆ ಮಣ್ಣು ನಡುಗುತ್ತದೆ, ಮಣ್ಣು ನೆಲವನ್ನು ಅಲುಗಿಸುತ್ತದೆ, ನೆಲ ಗಾರೆಯ ಮೂಲಕ ಕಂಬವನ್ನು ಹಿಡಿದು ಅಲ್ಲಾಡಿಸುತ್ತದೆ. "ನೆಲಕ್ಕೂ ಕಂಬಕ್ಕೂ ಮಾತುಕತೆ ಇರಬಾರ್ದು ಅಮ್ಮಾ, ಅದಕ್ಕೇ ಆ ಸಂದು" ಎಂದು ಅವಳು ಎಷ್ಟು ಮೆತ್ತಗೆ ಹೇಳಿದಳೆಂದರೆ, ಬೈದಿದ್ದರೇ ವಾಸಿಯಿತ್ತು.

ಗಾರೆ ಬಿಡಿಸಲು ಸಣ್ಣ ಉಳಿ ಬೇಕಿತ್ತು. ನಮ್ಮಲ್ಲಿರಲಿಲ್ಲ. ಮುಚ್ಚಳದವ ತಂದುಕೊಟ್ಟ. ಕೊಟ್ಟದ್ದಷ್ಟೇ ಅಲ್ಲ, ಅಂಗಾತ ಮಲಗಿ ಮೇಜಿನ ಕೆಳಗೆ ತಲೆ ತೂರಿಸಿ, ಎರಡು ಗಂಟೆ ಹೊತ್ತು ತಾನೇ ಕೆತ್ತಿದ. ನಾನು ಸುಳ್ಳು ಹೇಳುವುದಿಲ್ಲ, ಆಗಲೂ ಒಂದು ಗಳಿಗೆ ಇವನು ಬೇಕೆಂದೇ ಕಂಬಕ್ಕೆ ಉಳಿ ತಾಗಿಸುತ್ತಾನೋ ಎಂದು ಬಗ್ಗಿ ಬಗ್ಗಿ ನೋಡಿದೆ. ಹುಟ್ಟುಗುಣ, ಏನು ಮಾಡಲಿ! ಗಾರೆಯ ಚೂರುಗಳ ಜೊತೆ ನನ್ನ ಬಿಲ್ಲೆಗಳೂ ಬಂದವು, ಒಂದೊಂದನ್ನೂ ಅಂಗೈಯಲ್ಲಿಟ್ಟು ಊದಿ ಕೊಟ್ಟ. ಕೊನೆಗೆ ಸಂದಿನಲ್ಲಿ ಒಂದು ದಾರ ಹಾಕಿ ಸುತ್ತ ಎಳೆದು, ಎಲ್ಲೂ ತಗಲುತ್ತಿಲ್ಲ ಎಂದು ನೋಡಿದ. ಅಳತೆಯಾಕೆ ಮತ್ತೆ ಕಿಟಕಿಯಿಂದ ಕೈ ಬೀಸಿದಳು. ಧಡ್. ನಾನು ತಟ್ಟೆಗಳನ್ನು ಬಿಟ್ಟೆ. ಮುಳ್ಳು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ನಡುಗೆರೆಯ ಮೇಲೆ ನಿಂತಿತು. ಧಡ್, ಧಡ್. ಅಲುಗಲಿಲ್ಲ. "ಅಕ್ಕಾ, ನಿಂತಿತಲ್ಲಾ!" ಎಂದು ಮುಚ್ಚಳದವ ತಲೆತುಂಬ ಗಾರೆ ಪುಡಿ ಹೊತ್ತುಕೊಂಡು ಕೂಗಿದ. ಅವನ ಮುಂದೆ ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಆಗದೆ ಒಳಗೆ ಹೋಗಿ ಒಲೆ ಹಚ್ಚಿದೆ. ಚಹಾ ಕೊಟ್ಟೆ. ಅವನು ಎರಡು ಲೋಟ ಕುಡಿದು ಹೋದ.

ನಿನ್ನೆ ಬರೆದ ಪುಟಗಳನ್ನು ಹರಿದುಹಾಕಬೇಕೆಂದು ಕೈ ಹೋಯಿತು. ಬೇಡ ಎನಿಸಿತು. ನಿನ್ನ ಬಗ್ಗೆ ನಾನು ಏನೇನು ಅಂದುಕೊಂಡಿದ್ದೆ ಎನ್ನುವುದು ನಿನಗೆ ಗೊತ್ತಿರಲಿ. ಮೂರು ವರ್ಷ ನಿನ್ನ ನೆಲದ ಮೇಲೆ ಓಡಾಡಿಕೊಂಡು, ಅದರ ಅಡಿಯಲ್ಲಿ ನಿನ್ನ ಕಳ್ಳತನ ಹುಡುಕಿದೆ. ಯಾವ ತಮ್ಮನಿಗೂ ಇಂಥ ಅಕ್ಕ ಬೇಡ. ತಪ್ಪಾಯಿತು ಕಣೋ. ಮುಚ್ಚಳದವನಿಗೆ ಹೇಳಲಾಗದ ಮಾತನ್ನು ನಿನಗಾದರೂ ಹೇಳುತ್ತೇನೆ, ತಪ್ಪಾಯಿತು.

ಬೆನ್ನಿಗೆ ದಿನಾ ಶಾಖ ಕೊಟ್ಟುಕೋ. ಭಾರ ಎತ್ತಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಭಾವ ನೆನಪು ತಿಳಿಸಲು ಹೇಳಿದ್ದಾರೆ. ಈ ಸಲ ಅವರಿಗೆ ಎಲ್ಲ ಸರಿಯಾಗಿ ಕೇಳಿಸಿದೆ. ನೀನು ಕಟ್ಟಿದ ಸೇತುವೆಯ ಕಂಬ, ಹಾಸಿದ ನೆಲ, ಎಲ್ಲದರ ಮೇಲೂ ಜನ ನೂರು ಕಾಲ ನಿಶ್ಚಿಂತೆಯಿಂದ ನಡೆಯಲಿ, ನಿನ್ನ ಕೈ ಕಾಲು ಗಟ್ಟಿಯಾಗಿರಲಿ ಎಂದು ಹರಸುವ,

ನಿನ್ನ ಅಕ್ಕ

ಮತ್ತೆ: ಶುಕ್ರವಾರ ಮಧ್ಯಾಹ್ನ, ಅಂಚೆ ಕಚೇರಿಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ, ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ಅರ್ಜಿ ಹಾಳೆ ಖಾಲಿ ಇದೆ ಎಂದು ಬುಧವಾರ ಬರೆದದ್ದು ಸುಳ್ಳು. ಸೋಮವಾರವೇ ಕೊಟ್ಟುಬಿಟ್ಟಿದ್ದೆ. ಯಾರನ್ನೂ ಬಿಡಬಾರದೆಂದು ಎರಡೂ ಚೌಕಕ್ಕೆ ಗೆರೆ ಹಾಕಿದ್ದೆ, ನಿನ್ನ ಹೆಸರು, ನಂಬರು ಎಲ್ಲ ಬರೆದಿದ್ದೆ. ನಾನು ಕೊಡದಿದ್ದರೆ ಆ ಹೆಂಗಸು ಅಳೆಯಲು ಯಾಕೆ ಬರುತ್ತಿದ್ದಳು? ಕೊಟ್ಟಾದ ಮೇಲೆ, ನಿನ್ನಿಂದ ಹೌದು ಎನ್ನಿಸಿಕೊಂಡರೆ ನನ್ನ ಕೆಲಸ ಸರಿ ಎನಿಸೀತೆಂದು ಈ ಕಾಗದ ಹಿಡಿದು ಕುಳಿತದ್ದು. ಇವತ್ತು ಹಾಳೆ ವಾಪಸು ಕೇಳಲು ಹೋದೆ. ಕೊಟ್ಟದ್ದನ್ನು ಹಿಂದಕ್ಕೆ ಕೊಡುವುದಿಲ್ಲ, ಬೇಕಾದರೆ ಇನ್ನೊಂದು ಹಾಳೆ ಸೇರಿಸಿ ಎಂದರು. ಸೇರಿಸಿದೆ. ಸಂದು ಮುಚ್ಚಿದವಳು ನಾನು, ನೆಲದಲ್ಲಿ ದೋಷವಿಲ್ಲ, ಪಕ್ಕದ ಯಂತ್ರದ್ದೂ ತಪ್ಪಿಲ್ಲ ಎಂದು ಬರೆದು ಸಹಿ ಹಾಕಿದೆ. ಮುಚ್ಚಳದವನ ನೋಟೀಸು ಅಳತೆ ಆಗುವ ತನಕ ಅವರ ಬಳಿಯೇ ಇತ್ತಂತೆ, ಅದು ಇನ್ನು ಹೋಗುವುದಿಲ್ಲ. ಕಂಬವನ್ನು ತಿಳಿಸದೆ ಮುಟ್ಟಿದ್ದಕ್ಕೆ ಆರು ತಿಂಗಳು ಮುದ್ರೆ ಅವರ ಬಳಿ ಇರಬೇಕಂತೆ. ಅದನ್ನು ಸೆರಗಿನ ಗಂಟಿನಿಂದ ಬಿಚ್ಚಿ ಅವರ ಮೇಜಿನ ಮೇಲಿಟ್ಟು ಬಂದೆ, ಅದರ ಚಿಂತೆ ನಿನಗೆ ಬೇಡ. ಆ ಎರಡನೇ ಹಾಳೆಯ ನಕಲು ಇದರೊಳಗಿದೆ, ಕಚೇರಿಯ ಮೊಹರು ಇದೆ, ತಕ್ಷಣ ನಿಮ್ಮ ಎಂಜಿನಿಯರಿಗೆ ತೋರಿಸು. ಆದರೆ ಪರವಾನಗಿ ತಡೆಹಿಡಿದ ಪತ್ರ ಮಂಗಳವಾರವೇ ಇಲ್ಲಿಂದ ಹೊರಟಿದೆ. ಇದಕ್ಕಿಂತ ಮೊದಲು ಅದು ನಿನ್ನ ಕೈ ಸೇರಿರುತ್ತದೆ, ನೀನು ಕೆಲಸ ಬಿಟ್ಟು ಕುಳಿತಿರುತ್ತೀಯ. ಅದರ ಕೊನೆಯಲ್ಲಿ ದೂರು ಕೊಟ್ಟವರ ಸಹಿ ಇದೆ. ನೀನು ನನ್ನಂಥವನಲ್ಲ, ಯಾರೋ ಅಕ್ಕನ ಸಹಿ ಖೋಟಾ ಮಾಡಿದ್ದಾರೆ ಎಂದೇ ನಂಬಿ ಕುಳಿತಿರುತ್ತೀಯ, ಇದನ್ನು ಬರೆಯುವಾಗ ಅದೇ ನನ್ನನ್ನು ಕೊಲ್ಲುತ್ತಿದೆ. ಹಾಗೆ ನಂಬಬೇಡ ಪುಟ್ಟಾ. ಆ ಸಹಿ ಹಾಕಿದವಳು ನಾನೇ.